ಲಿಡಿಯಾ ಟೀಚರ ಎರಡು ಜಾಹೀರಾತುಗಳು

ಕೊಟ್ಟಾರದ ನಮ್ಮ ಓಣಿಗೆ ಬಂದು ಲಿಡಿಯಾ ಕ್ರಾಸ್ತಾ ಮನೆ ಯಾವುದು ಎಂದು ಕೇಳಿದರೆ ಯಾರೂ ತೋರಿಸಲಾರರು. ಲಿಡಿಯಾ ಟೀಚರ್ ಎನ್ನಬೇಕು. ಆಗ ಹಾಲು ಹಾಕುವವನು ಕೂಡ ಸೈಕಲ್ ನಿಲ್ಲಿಸಿ ಗೇಟಿನ ತನಕ ಬಿಟ್ಟು ಹೋಗುತ್ತಾನೆ. ಅವರ ಪಕ್ಕದ್ದೇ ನಮ್ಮ ಮನೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ದುಡಿದವರು. ಅವರು ವಿಜ್ಞಾನ ಕಲಿಸಿದರು, ನಾನು ಕನ್ನಡ. ಈಗ ಇಬ್ಬರೂ ನಿವೃತ್ತರು. ನಡುವಿನ ಗೋಡೆಯ ಆಚೆ ಈಚೆ ನಿಂತು ಮಾತನಾಡುವ ಕೆಲಸಕ್ಕೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ಟೀಚರ ಬಗ್ಗೆ ಹೇಳುವುದಾದರೆ ಅವರ ವಂದನಾರ್ಪಣೆಯಿಂದಲೇ ಶುರು ಮಾಡಬೇಕು. ನಮ್ಮ ಶಾಲೆಯಲ್ಲಿ ಯಾವ ಸಮಾರಂಭವಾದರೂ ಕೊನೆಗೆ ಧನ್ಯವಾದ ಹೇಳುವ ಕೆಲಸ ಅವರದು. ಮುಖ್ಯ ಅತಿಥಿಗಳು, ಸಂಚಾಲಕರಾದ ಫಾದರ್, ಹೆಡ್‌ಮಾಸ್ಟರು, ಶಾಮಿಯಾನದವರು, ಮೈಕಿನವರು, ಕುರ್ಚಿ ಹೊತ್ತ ಮಕ್ಕಳು, ಆ ಸಂಜೆ ಕರೆಂಟು ತೆಗೆಯದೆ ಉಪಕರಿಸಿದ ಇಲಾಖೆಯವರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಹಿಂದಿನ ಸಾಲಿನವರು ಎದ್ದು ಚಪ್ಪಲಿ ಹುಡುಕುತ್ತಿದ್ದರೂ ಇವರ ಹೆಸರುಗಳು ಮುಗಿಯುತ್ತಿರಲಿಲ್ಲ. ಒಂದು ವರ್ಷ ಚಹಾ ಮಾಡಿದ ಡಾಲಿ ಬಾಯಿಯ ಹೆಸರು ತಪ್ಪಿಹೋಯಿತು. ಮರುದಿನ ಬೆಳಿಗ್ಗೆ ಟೀಚರ್ ಡಾಲಿ ಬಾಯಿಯ ಮನೆಗೇ ಹೋಗಿ, ಅಂಗಳದಲ್ಲಿ ನಿಂತು, ಕೈಮುಗಿದು ಧನ್ಯವಾದ ಹೇಳಿ ಬಂದರು.

"ಇದು ಸ್ವಲ್ಪ ಜಾಸ್ತಿ ಆಗ್ಲಿಲ್ವಾ ಟೀಚರ್?" ಎಂದು ನಾನು ತಮಾಷೆ ಮಾಡಿದ್ದೆ.

"ಉಪಕಾರ ಮಾಡಿದವರ ಹೆಸರು ಬಿಡ್ಬಾರ್ದು ಮಾಸ್ಟ್ರೇ. ಬಿಟ್ರೆ ಆ ಉಪಕಾರ ನಮ್ಮ ಕೈಯಲ್ಲಿ ನಿಲ್ಲುದಿಲ್ಲ" ಎಂದಿದ್ದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಅವರ ಗಂಡ ಅಲೆಕ್ಸ್ ಕುವೈತಿನ ಒಂದು ಕಂಪನಿಯ ಗೋದಾಮು ನೋಡಿಕೊಂಡಿದ್ದು ಊರಿಗೆ ಮರಳಿದವರು. ಹೆಚ್ಚು ಮಾತಿಲ್ಲ, ಬಾಯಿ ತೆರೆದರೆ ಕುಚೋದ್ಯ. ಕಳೆದ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಶೇವ್ ಮಾಡುವಾಗ ಅವರ ಕುತ್ತಿಗೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಆ ಪರೀಕ್ಷೆ ಈ ಪರೀಕ್ಷೆ ಎಲ್ಲ ಆಗಿ, ಅದು ಲಿಂಫೋಮಾ ಎಂದಾಯಿತು. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕೆಟ್ಟು ಬೆಳೆಯುವ ಕ್ಯಾನ್ಸರ್ ಅದು. ಟೀಚರಿಗೆ ಗೊಂದಲ ಶುರುವಾದದ್ದೇ ಅಲ್ಲಿಂದ.

"ಬಿಳಿ ರಕ್ತಕಣ ಅಂದ್ರೆ ಸೈನಿಕರು ಅಂತ ಎಷ್ಟು ವರ್ಷ ಮಕ್ಕಳಿಗೆ ಬೋರ್ಡಲ್ಲಿ ಬರೆದು ಕೊಟ್ಟಿದ್ದೇನೆ ಮಾಸ್ಟ್ರೇ. ಈಗ ಸೈನಿಕರೇ ಹೀಗೆ ಮಾಡಿದ್ರೆ ನಾನು ಎಂತ ಕಲಿಸಿದ ಹಾಗಾಯ್ತು?"

ಆಸ್ಪತ್ರೆಯಲ್ಲಿ ಸಿಕ್ಕಿದ ಡಾಕ್ಟರ್ ಸುಹೈಲಾ. ನಮ್ಮ ಶಾಲೆಯಲ್ಲಿಯೇ ಓದಿದ ಹುಡುಗಿ, ಮೊದಲ ಬೆಂಚಿನವಳು, ಈಗ ಕ್ಯಾನ್ಸರ್ ತಜ್ಞೆ. ಟೀಚರನ್ನು ಕಂಡ ಕೂಡಲೇ ಕುರ್ಚಿಯಿಂದ ಎದ್ದು ನಿಂತಳಂತೆ. ಈ ಕಾಯಿಲೆಗೆ ಒಳ್ಳೆಯ ಔಷಧ ಉಂಟು, ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕುವುದು, ಹೆಚ್ಚಿನವರಿಗೆ ಗುಣ ಕಾಣುತ್ತದೆ ಎಂದಳು. ಡ್ರಿಪ್ಪಿನಲ್ಲಿ ಕೀಮೋ ಇರುತ್ತದೆ, ಜೊತೆಗೆ ಇನ್ನೊಂದು ಔಷಧವೂ ಇರುತ್ತದೆ; ಅದು ಕೆಟ್ಟ ಕಣಗಳ ಮೈಗೆ ಅಂಟಿಕೊಂಡು ದೇಹದ ರೋಗನಿರೋಧಕ ಶಕ್ತಿಗೆ ಗುರುತು ತೋರಿಸುತ್ತದೆ ಎಂದೂ ವಿವರಿಸಿದಳು. ಟೀಚರ್ ತಲೆಯಾಡಿಸಿದರು. ಕೇಳಿಸಿಕೊಂಡದ್ದೆಷ್ಟೋ, ಅಲೆಕ್ಸರ ಮುಖ ನೋಡಿದ್ದೆಷ್ಟೋ.

ಡ್ರಿಪ್ ಶುರುವಾಯಿತು. ಅಲೆಕ್ಸರ ತಲೆಕೂದಲು ಹೋಯಿತು, ಮೀಸೆ ಹೋಯಿತು, ಮೀನಿನ ವಾಸನೆ ಬಂದರೆ ವಾಂತಿ ಬರತೊಡಗಿತು. ಬಂಗುಡೆ ಇಲ್ಲದೆ ಊಟಕ್ಕೆ ಕೂರದ ಮನುಷ್ಯ ಗಂಜಿಯ ಬಟ್ಟಲನ್ನು ದೂರ ತಳ್ಳುತ್ತಿದ್ದರು. ಆಗ ದೋಹಾದಲ್ಲಿರುವ ಮಗ ಡೆರಿಲ್ ಫೋನ್ ಮಾಡಿದ. ಅವನ ಸ್ನೇಹಿತರೊಬ್ಬರಿಗೆ ಗೊತ್ತಿರುವ ಒಂದು ಕ್ಲಿನಿಕ್ ಉಂಟಂತೆ, ಹೊರರಾಜ್ಯದಲ್ಲಿ. ಅಲ್ಲಿ ರೋಗಿಯ ರಕ್ತ ತೆಗೆದು, ಅದರಿಂದ ಒಂದು ಬಗೆಯ ಬಿಳಿ ಕಣಗಳನ್ನು ಬೇರೆ ಮಾಡಿ ಬೆಳೆಸಿ, ಕ್ಯಾನ್ಸರನ್ನು ಗುರುತು ಹಿಡಿಯಲು ಅವಕ್ಕೆ ಕಲಿಸಿ, ಮತ್ತೆ ಇಂಜೆಕ್ಷನ್ ಮೂಲಕ ದೇಹಕ್ಕೆ ಬಿಡುತ್ತಾರಂತೆ. ಇಮ್ಯೂನ್ ಸೆಲ್ ಇಂಜೆಕ್ಷನ್. ಕೂದಲು ಹೋಗುವುದಿಲ್ಲ, ವಾಂತಿ ಇಲ್ಲ.

ಕಣಗಳಿಗೆ ಪಾಠ ಕಲಿಸುವುದು ಎಂಬ ಮಾತು ಟೀಚರಿಗೆ ಹಿಡಿಸಿತು. ಹಿಡಿಸದೆ ಇರುತ್ತದೆಯೇ? ಜೀವನವಿಡೀ ಅವರು ಮಾಡಿದ್ದು ಅದನ್ನೇ. ಡ್ರಿಪ್ಪುಗಳ ನಡುವಿನ ದಿನಗಳಲ್ಲಿ ಗಂಡಹೆಂಡತಿ ರೈಲು ಹತ್ತಿ ಆ ಊರಿಗೆ ಹೋಗಿ ರಕ್ತ ಕೊಟ್ಟು ಬಂದರು, ಮತ್ತೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ನಮಗೆಲ್ಲ ಸಂಬಂಧಿಕರ ಮನೆಗೆ ಎಂದು ಹೇಳಿದ್ದರು. ಸುಹೈಲಾಳಿಗಂತೂ ಹೇಳಲೇ ಇಲ್ಲ, ಹುಡುಗಿಗೆ ಬೇಜಾರಾದೀತು ಎಂದು.

ಇನ್ನೊಂದು ಕಡೆ ಸೈಂಟ್ ಜೂಡರಿಗೆ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ನಡೆಯುತ್ತಿತ್ತು. ದಾರಿ ಕಾಣದವರು ಕೊನೆಗೆ ಹಿಡಿದುಕೊಳ್ಳುವ ಸಂತರು ಅವರು. ಆ ಪ್ರಾರ್ಥನೆಯ ಜೊತೆಗೆ ಒಂದು ಮಾತು ಕೊಡುವ ಪದ್ಧತಿ ಉಂಟು: ಕೇಳಿದ್ದು ದೊರೆತರೆ ಅದನ್ನು ಪ್ರಕಟಿಸಿ ಉಪಕಾರ ಸ್ಮರಿಸುತ್ತೇನೆ ಎಂದು. ಕೊಂಕಣಿ ವಾರಪತ್ರಿಕೆಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಒಂದು ಮೂಲೆಯಲ್ಲಿ ಸಂತರ ಚಿತ್ರ, ಕೆಳಗೆ ಒಂದೇ ಸಾಲಿನ ಉಪಕಾರ, ಅದರ ಕೆಳಗೆ ಹರಕೆ ಹೊತ್ತವರ ಹೆಸರಿನ ಮೊದಲಕ್ಷರ. ಟೀಚರ್ ಕೂಡ ಮಾತು ಕೊಟ್ಟರು.

ಡ್ರಿಪ್ಪುಗಳು ಮುಗಿದು ಸ್ಕ್ಯಾನ್ ಆಯಿತು. ಗಂಟುಗಳು ಮಾಯ. ಸುಹೈಲಾ ಚಿತ್ರ ತೋರಿಸಿದಾಗ ಟೀಚರ್ ಅವಳ ಕೈ ಹಿಡಿದು ಅತ್ತುಬಿಟ್ಟರು. ಮನೆಗೆ ಬಂದವರೇ ಗೋಡೆಯ ಬಳಿ ನಿಂತು ನನ್ನನ್ನು ಕರೆದು ಮತ್ತೊಮ್ಮೆ ಅತ್ತರು. ನನಗೂ ಅಳು ಬಂತು, ಸುಳ್ಳು ಹೇಳುವುದಿಲ್ಲ. ಆ ವಾರವೇ ಅವರು ಜಾಹೀರಾತು ಬರೆದುಕೊಂಡು ಬಂದರು.

ಎಲ್ಲರಂತೆ ಒಂದೇ ಸಾಲು ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬರೆದವರು ಯಾರು? ವಂದನಾರ್ಪಣೆಯ ಲಿಡಿಯಾ ಟೀಚರ್. ಅವರ ಕೊಂಕಣಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನನ್ನ ಗಂಡನನ್ನು ಕಠಿಣ ಕಾಯಿಲೆಯಿಂದ ಗುಣಪಡಿಸಿದ ಸೈಂಟ್ ಜೂಡರಿಗೆ, ಡಾಕ್ಟರ್ ಸುಹೈಲಾ ಮತ್ತು ನರ್ಸುಗಳಿಗೆ, ಇಮ್ಯೂನ್ ಸೆಲ್ ಇಂಜೆಕ್ಷನ್‌ಗೆ, ಪ್ರಾರ್ಥಿಸಿದ ನಮ್ಮ ಚರ್ಚ್ ವಾರ್ಡಿನ ಎಲ್ಲರಿಗೆ, ಪಕ್ಕದ ಮನೆಯ ಮಾಸ್ಟ್ರಿಗೆ, ರಿಕ್ಷಾದ ಅಲಿಯಬ್ಬರಿಗೆ ಉಪಕಾರ. ದೇವರಿಗೆ ಕೊಟ್ಟ ಮಾತಿನಂತೆ ಪ್ರಕಟಿಸಿದ್ದೇನೆ. ಲಿಡಿಯಾ ಕ್ರಾಸ್ತಾ, ಕೊಟ್ಟಾರ."

"ಈ ಇಂಜೆಕ್ಷನ್ ಎಂತದು ಟೀಚರ್?" ಎಂದು ನಾನು ಕೇಳಿದ್ದು ಆಗಲೇ. ಆಗಲೇ ಅವರು ರೈಲಿನ ಸಂಗತಿ ಹೇಳಿದ್ದು.

"ಅದನ್ನು ಬಿಟ್ಬಿಡಿ. ನಿಮ್ಮ ಸಂತರ ಜಾಹೀರಾತಲ್ಲಿ ಅದೆಲ್ಲ ಯಾಕೆ? ನನ್ನ ಹೆಸರು ಕೂಡ ಯಾಕೆ?" ಎಂದೆ.

"ಯಾರಿಂದ ಗುಣ ಆಯ್ತು ಅಂತ ನನಗೆ ಗೊತ್ತಿಲ್ವಲ್ಲ ಮಾಸ್ಟ್ರೇ. ಒಬ್ಬರನ್ನು ಬಿಟ್ಟು, ಅವರಿಂದಲೇ ಆದದ್ದು ಅಂತಾದ್ರೆ?"

ಜಾಹೀರಾತು ಹಾಗೆಯೇ ಅಚ್ಚಾಯಿತು. ಅಲಿಯಬ್ಬ ಅದರ ಕಟಿಂಗನ್ನು ರಿಕ್ಷಾದ ಕನ್ನಡಿಯ ಪಕ್ಕ ಅಂಟಿಸಿಕೊಂಡು ಎಲ್ಲ ಬಾಡಿಗೆಯವರಿಗೂ ತೋರಿಸಿದ. ಡೆರಿಲ್ ಹೆಮ್ಮೆಯಿಂದ ಅದರ ಫೋಟೋವನ್ನು ಕ್ಲಿನಿಕ್ಕಿನವರಿಗೆ ಕಳಿಸಿದ.

ಕ್ಲಿನಿಕ್ಕಿನವರು ಕತ್ತರಿ ಹಿಡಿದರು. ಕೆಲವೇ ದಿನಗಳಲ್ಲಿ ವಾಟ್ಸಾಪಿನಲ್ಲಿ ಕನ್ನಡದ ಒಂದು ಚಿತ್ರ ಓಡಾಡತೊಡಗಿತು. ಡಾಕ್ಟರ್ ಸುಹೈಲಾ ಇಲ್ಲ, ನರ್ಸುಗಳಿಲ್ಲ, ವಾರ್ಡಿನವರಿಲ್ಲ, ನಾನೂ ಅಲಿಯಬ್ಬನೂ ಇಲ್ಲ. ಸೈಂಟ್ ಜೂಡರ ಚಿತ್ರವನ್ನು ಮಾತ್ರ ಮೂಲೆಯಲ್ಲಿ ಉಳಿಸಿಕೊಂಡಿದ್ದರು. "ನನ್ನ ಗಂಡನನ್ನು ಕಠಿಣ ಕಾಯಿಲೆಯಿಂದ ಗುಣಪಡಿಸಿದ ಇಮ್ಯೂನ್ ಸೆಲ್ ಇಂಜೆಕ್ಷನ್‌ಗೆ ಉಪಕಾರ. ದೇವರಿಗೆ ಕೊಟ್ಟ ಮಾತಿನಂತೆ ಪ್ರಕಟಿಸಿದ್ದೇನೆ. ಲಿಡಿಯಾ ಕ್ರಾಸ್ತಾ, ನಿವೃತ್ತ ವಿಜ್ಞಾನ ಶಿಕ್ಷಕಿ, ಕೊಟ್ಟಾರ." ಕೆಳಗೆ ಕ್ಲಿನಿಕ್ಕಿನ ಫೋನ್ ನಂಬರು. ವಿಜ್ಞಾನ ಶಿಕ್ಷಕಿ ಎಂಬುದನ್ನು ಸೇರಿಸಿದವರು ಅವರೇ. ನನಗೆ ಮೈಯೆಲ್ಲ ಉರಿದುಹೋಯಿತು. ಟೀಚರ್ ಮಾತ್ರ ಆ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, "ನಾನು ಬರೆದದ್ದೇ ಮಾಸ್ಟ್ರೇ, ಆದ್ರೆ ನಾನು ಬರೆದದ್ದಲ್ಲ" ಎಂದು ಹೇಳಿದ್ದನ್ನೇ ಹೇಳಿದರು.

ಆ ಭಾನುವಾರ ಸುಹೈಲಾ ಟೀಚರ ಮನೆಗೆ ಬಂದಳು. ನಂತೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬೆವರಿದ್ದಳು. ಟೀಚರ್ ನನ್ನನ್ನೂ ಕರೆದರು, ಒಬ್ಬರೇ ಎದುರಿಸಲು ಧೈರ್ಯವಾಗದೆ. ಅಲೆಕ್ಸ್ ಒಳಗಿನ ಕೋಣೆಯಲ್ಲಿ ಮಲಗಿದ್ದರು. ಸುಹೈಲಾ ಚಹಾ ಲೋಟ ಮುಟ್ಟದೆ ಕೇಳಿದಳು.

"ಇಂಜೆಕ್ಷನ್ ಕೊಡಿಸಿದ್ದು ನನಗೆ ಯಾಕೆ ಹೇಳ್ಲಿಲ್ಲ ಟೀಚರ್?"

"ನಿನಗೆ ಬೇಜಾರಾಗ್ತದೆ ಅಂತ ಮಗಾ."

"ಬೇಜಾರಿನ ಪ್ರಶ್ನೆ ಅಲ್ಲ. ನಡುವಲ್ಲಿ ಅಲೆಕ್ಸ್ ಅಂಕಲ್‌ಗೆ ಇನ್ಫೆಕ್ಷನ್ ಆಗಿದ್ರೆ ಅದು ಎಂತದರಿಂದ ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಟೀಚರ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ತರಗತಿಯಲ್ಲಿ ಮಕ್ಕಳು ಹಾಗೆ ಮಾಡಿದರೆ ಗದರಿಸುತ್ತಿದ್ದವರು. ಕೊನೆಗೆ ಕೇಳಿದರು: "ಹಾಗಾದ್ರೆ ಅದು ಸುಳ್ಳಾ? ಸತ್ಯ ಹೇಳು."

"ಸುಳ್ಳು ಅಂತ ನಾನು ಹೇಳುದಿಲ್ಲ. ನಮ್ಮ ಕಣಗಳಿಗೆ ಕ್ಯಾನ್ಸರಿನ ಗುರುತು ಕಲಿಸುವ ಯೋಚನೆ ಒಳ್ಳೇದೇ. ದೊಡ್ಡ ದೊಡ್ಡ ಕಡೆ ಅದರ ಮೇಲೆ ಕೆಲಸ ನಡೀತಾ ಉಂಟು. ಕೆಲವು ಕ್ಯಾನ್ಸರಿಗೆ ಆ ದಾರಿಯ ಬೇರೆ ಔಷಧ ಪರೀಕ್ಷೆ ಪಾಸಾಗಿಯೂ ಬಂದಿದೆ. ಆದ್ರೆ ಈ ಕ್ಲಿನಿಕ್ಕಿನವರ ಇಂಜೆಕ್ಷನ್ ಯಾವ ಪರೀಕ್ಷೆಗೂ ಕೂತಿಲ್ಲ."

"ಅಂದ್ರೆ ಫೇಲ್."

"ಫೇಲೂ ಅಲ್ಲ ಟೀಚರ್. ಪರೀಕ್ಷೆಗೇ ಬರ್ಲಿಲ್ಲ."

ಟೀಚರ್ ನನ್ನ ಮುಖ ನೋಡಿದರು. ಸರಿಯೋ ತಪ್ಪೋ ಗುರುತಿಸಿ ಎಂದು ಪ್ರಶ್ನೆಪತ್ರಿಕೆ ತೆಗೆದೇ ತಲೆ ಹಣ್ಣಾದವರು ಅವರು. ಸರಿಯೂ ಅಲ್ಲ, ತಪ್ಪೂ ಅಲ್ಲ, ಗೈರುಹಾಜರಿ ಎಂದರೆ ಅಂಕ ಎಲ್ಲಿ ಬರೆಯುವುದು? ನಿಜ ಹೇಳಬೇಕೆಂದರೆ ನನಗೂ ತಲೆಬುಡ ತಿಳಿಯಲಿಲ್ಲ.

"ನಿನ್ನ ಡ್ರಿಪ್ಪಲ್ಲಿಯೂ ಇಮ್ಯೂನಿಟಿಯೇ ಕೆಲಸ ಮಾಡುದು ಅಂತ ನೀನೇ ಹೇಳಿದ್ದಿ. ಅವರೂ ಅದನ್ನೇ ಹೇಳುದು. ನಾನು ಯಾವುದು ಅಂತ ನಂಬುದು?"

ಸುಹೈಲಾ ಈಗ ಸ್ವಲ್ಪ ನಕ್ಕಳು. "ಆರನೇ ಕ್ಲಾಸಲ್ಲಿ ನೀವು ಹೆಸರುಕಾಳಿಗೆ ಮೊಳಕೆ ಬರಿಸಿದ್ದು ನೆನಪುಂಟಾ? ಎರಡು ಲೋಟ ಇಡ್ಬೇಕು, ಎರಡಕ್ಕೂ ಒಂದೇ ಕಾಳು, ಒಂದಕ್ಕೆ ನೀರು, ಇನ್ನೊಂದಕ್ಕೆ ನೀರಿಲ್ಲ. ನಾನು ಒಂದೇ ಲೋಟ ತಂದಿದ್ದೆ. ಮೊಳಕೆ ಚಂದ ಬಂದಿತ್ತು, ಆದ್ರೂ ನೀವು ಮಾರ್ಕ್ಸ್ ಕೊಡ್ಲಿಲ್ಲ. ನೀರು ಇಲ್ಲದಿದ್ರೂ ಬರ್ತಿತ್ತೋ ಎಂತದೋ, ನಿನಗೆ ಹೇಗೆ ಗೊತ್ತು ಅಂತ ಕೇಳಿದ್ರಿ. ನಮ್ಮ ಡ್ರಿಪ್ಪಿಗೆ ಸಾವಿರಾರು ರೋಗಿಗಳಲ್ಲಿ ಹಾಗೆ ಎರಡು ಗುಂಪು ಮಾಡಿ ನೋಡಿದ್ದಾರೆ. ಆ ಇಂಜೆಕ್ಷನ್‌ಗೆ ಎರಡನೇ ಲೋಟ ಯಾರೂ ಇಟ್ಟಿಲ್ಲ. ಅಲೆಕ್ಸ್ ಅಂಕಲ್‌ಗೆ ಎರಡೂ ಸಿಕ್ಕಿದೆ. ಗುಣ ಡ್ರಿಪ್ಪಿಂದ ಅಂತ ನಾನು ನಂಬುದು, ಯಾಕಂದ್ರೆ ಬಾಕಿಯವರಲ್ಲಿ ಕಂಡಿದ್ದೇವೆ. ಇವರೊಬ್ಬರನ್ನೇ ನೋಡಿ ಅಂತೂ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ."

"ನನ್ನತ್ರ ಎರಡು ಅಲೆಕ್ಸ್ ಇಲ್ವಲ್ಲ ಸುಹೈಲಾ" ಎಂದರು ಟೀಚರ್.

ಸುಹೈಲಾ ಆರಿದ ಚಹಾ ಕುಡಿದು, ಅಲೆಕ್ಸರನ್ನು ಮಾತನಾಡಿಸಿ ಹೊರಟಳು. ಗೇಟಿನ ಬಳಿ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಸರ್, ಆ ಫೋಟೋ ತುಂಬ ಜನರ ಕೈಗೆ ಹೋಗಿದೆ. ಯಾರಾದ್ರೂ ಟ್ರೀಟ್‌ಮೆಂಟ್ ಬಿಡುವ ಮೊದ್ಲು ಟೀಚರ್ ಏನಾದ್ರೂ ಮಾಡ್ಬೇಕು."

ಹಾಗೆ ಬಿಡಲು ಹೊರಟವಳು ನಾಲ್ಕಾರು ದಿನಗಳಲ್ಲಿಯೇ ಬಂದಳು. ಕಾಟಿಪಳ್ಳದಿಂದ ಎರಡು ಬಸ್ಸು ಬದಲಾಯಿಸಿ ಬಂದ ಅಕ್ಕ ತಂಗಿ. ಟೀಚರ್ ಆಗಲೂ ನನ್ನನ್ನು ಕರೆದರು. ಅಕ್ಕ ಹಲೀಮಾ ಮಾತುಗಾರ್ತಿ. ತಂಗಿ ಸಮೀನಾ ಮೂವತ್ತರ ಆಸುಪಾಸಿನವಳು, ಎರಡು ಸಣ್ಣ ಮಕ್ಕಳ ತಾಯಿ. ಬುರ್ಖಾದ ಒಳಗೆ ಕೈಗಳನ್ನು ಮುದುಡಿ ಸೋಫಾದ ತುದಿಯಲ್ಲಿ ಕೂತಿದ್ದಳು. ಅವಳ ಎದೆಯಲ್ಲಿ ಗಂಟು. ಬೇರೆಲ್ಲಿಗೂ ಹರಡಿಲ್ಲ, ಬೇಗ ಆಪರೇಷನ್ ಮಾಡಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ಆ ಡಾಕ್ಟರೂ ಸುಹೈಲಾಳ ಆಸ್ಪತ್ರೆಯವರೇ. ಆದರೆ ಜುಬೈಲಿನಲ್ಲಿರುವ ಅಣ್ಣ ಶಿಹಾಬ್ ಆ ಚಿತ್ರ ಕಳಿಸಿ, ಕೊಯ್ಯುವುದು ಬೇಡ, ಕೂದಲು ಹೋಗುವುದು ಬೇಡ, ಈ ಇಂಜೆಕ್ಷನ್ ಸಾಕು ಎಂದಿದ್ದಾನೆ.

"ಇವಳಿಗೂ ಆಪರೇಷನ್ ಅಂದ್ರೆ ಹೆದರಿಕೆ ಟೀಚರೇ. ಅದಕ್ಕೆ ನಿಮ್ಮತ್ರ ಒಂದು ಮಾತು ಕೇಳಿ ಹೋಗುವ ಅಂತ ಬಂದದ್ದು" ಎಂದಳು ಹಲೀಮಾ.

ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮಾ, ವಾಟ್ಸಾಪಲ್ಲಿ ಬಂದದ್ದನ್ನು ನಂಬಿ ಡಾಕ್ಟರ ಮಾತು ಬಿಡುದಾ?"

"ವಾಟ್ಸಾಪಲ್ಲಿ ಎಷ್ಟೋ ಬರ್ತದೆ ಸರ್, ಎಲ್ಲ ನಾವು ನಂಬುದಿಲ್ಲ" ಎಂದು ಹಲೀಮಾ ತಿರುಗಿ ಬಿದ್ದಳು. "ಇದು ಟೀಚರು ದೇವರಿಗೆ ಮಾತು ಕೊಟ್ಟು ಬರೆದದ್ದು. ನಮ್ಮಲ್ಲಿಯೂ ನೇರ್ಚೆ ಅಂತ ಉಂಟು, ದರ್ಗಾಕ್ಕೆ ಹರಕೆ ಹೇಳುದು. ನೇರ್ಚೆಯ ಮಾತಲ್ಲಿ ಯಾರೂ ಸುಳ್ಳು ಸೇರಿಸುದಿಲ್ಲ. ಅದು ಗೊತ್ತಿದ್ದೇ ಬಂದದ್ದು."

ಹರಕೆಯನ್ನು ಸಾಕ್ಷಿ ಎಂದು ಓದುವ ಊರು ನಮ್ಮದು, ಚರ್ಚಿನವರಾದರೂ ಸರಿ, ಮಸೀದಿಯವರಾದರೂ ಸರಿ.

ಅಷ್ಟರಲ್ಲಿ ಅಲೆಕ್ಸ್ ಹೊರಗೆ ಬಂದರು. ಆಗಷ್ಟೇ ಚಿಗುರಿದ ಕೂದಲನ್ನು ಸವರಿಕೊಳ್ಳುತ್ತ, ಕೇಳುವ ಮೊದಲೇ ಹೇಳಿದರು: "ಒಳ್ಳೆ ಇಂಜೆಕ್ಷನ್ ಮಾರಾಯ್ರೆ. ಡ್ರಿಪ್ ಅಂದ್ರೆ ನರಕ. ಇದು ಹಾಕಿದ್ದೇ ಗೊತ್ತಾಗುದಿಲ್ಲ. ನಮ್ಮದೇ ಸೈನಿಕರು ಒಳಗೆ ಹೋಗ್ತಾ ಇದ್ದಾರೆ ಅಂತ ನನಗೆ ಎಷ್ಟು ಧೈರ್ಯ ಬಂತು ಗೊತ್ತುಂಟಾ?"

ಸಮೀನಾಳ ಮುಖ ಅರಳಿತು. ಟೀಚರ ಮುಖ ಬಿಳಿಚಿತು. ಗಂಡನ ಧೈರ್ಯವನ್ನು ಅವರೆದುರೇ ಮುರಿಯುವುದು ಹೇಗೆ? ಈ ಹುಡುಗಿಯನ್ನು ಹಾಗೆಯೇ ಕಳಿಸುವುದು ಹೇಗೆ? ಟೀಚರ್ ಎದ್ದರು, ಕೂತರು, ನೀರು ಬೇಕಾ ಎಂದು ಇಬ್ಬರನ್ನೂ ಕೇಳಿದರು, ನೀರು ಮಾತ್ರ ತರಲಿಲ್ಲ. ಸಮೀನಾ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ಮೆಲ್ಲನೆ ಕೇಳಿದಳು: "ಟೀಚರ್, ಅದರಿಂದಲೇ ಗುಣ ಆದದ್ದಾ?"

"ನನಗೆ... ನನಗೆ ಗೊತ್ತಿಲ್ಲ ಮಗಾ."

"ಪೇಪರಲ್ಲಿ ಗೊತ್ತಿತ್ತಲ್ಲ?"

"ಪೇಪರಲ್ಲಿಯೂ ಗೊತ್ತಿರ್ಲಿಲ್ಲ." ಟೀಚರ್ ಒಳಗೆ ಹೋಗಿ ವಾರಪತ್ರಿಕೆಯನ್ನೇ ತಂದು ನನ್ನ ಕೈಗೆ ಕೊಟ್ಟರು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಸೈಂಟ್ ಜೂಡ್, ಸುಹೈಲಾ, ನರ್ಸುಗಳು, ಇಂ‌ಜೆಕ್ಷನ್, ವಾರ್ಡಿನವರು, ನಾನು, ರಿಕ್ಷಾದ ಅಲಿಯಬ್ಬ.

"ರಿಕ್ಷಾದ ಅಲಿಯಬ್ಬನಾ? ಅವರು ಎಂತ ಗುಣ ಮಾಡಿದ್ದು?" ಎಂದು ಹಲೀಮಾ ಬೆರಗಾದಳು.

"ಆಸ್ಪತ್ರೆಗೆ ಕರ್ಕೊಂಡು ಹೋದದ್ದು" ಎಂದರು ಟೀಚರ್. "ಯಾರಿಂದ ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ಎಲ್ಲರ ಹೆಸರೂ ಹಾಕಿದೆ. ಡ್ರಿಪ್ ಒಂದೂ ತಪ್ಪಿಸ್ಲಿಲ್ಲ ನಾವು. ಡ್ರಿಪ್ ಬಿಟ್ಟು ಇಂಜೆಕ್ಷನ್ ಮಾತ್ರ ತಕ್ಕೊಂಡಿದ್ರೆ ಎಂತ ಆಗ್ತಿತ್ತು ಅಂತ ನನಗೆ ಗೊತ್ತಿಲ್ಲ. ಆಣೆ ಮಾಡಿ ಹೇಳ್ತೇನೆ, ಗೊತ್ತಿಲ್ಲ."

ಅಕ್ಕ ತಂಗಿ ಹೆಚ್ಚು ಹೊತ್ತು ಕೂರಲಿಲ್ಲ. ಏನು ಮಾಡುತ್ತೇವೆ ಎಂದು ಹೇಳಲೂ ಇಲ್ಲ.

ಆಮೇಲಿನ ದಿನಗಳಲ್ಲಿ ಟೀಚರ್ ಗೋಡೆಯ ಬಳಿ ಬಂದರೆ ಒಂದೇ ಪ್ರಶ್ನೆ. "ಮಾಸ್ಟ್ರೇ, ಒಮ್ಮೆ ಹೇಳಿದ ಉಪಕಾರ ವಾಪಸ್ ತಕ್ಕೊಂಡ್ರೆ ಎಂತ ಆಗ್ತದೆ?"

"ಎಂತ ಆಗ್ತದೆ? ಎಂತದೂ ಆಗುದಿಲ್ಲ. ಇನ್ನೊಂದು ಜಾಹೀರಾತು ಹಾಕಿ, ಗೊತ್ತಿಲ್ಲ ಅಂತ ಬರೆಯಿರಿ. ಮುಗೀತು."

"ಹರಕೆಯಲ್ಲಿ ಹೇಳಿದ ಹೆಸರು ಅದು. ತೆಗೆದ್ರೆ ಅಲೆಕ್ಸ್‌ಗೆ ತಿರುಗಿ ಬಂದ್ರೆ?"

ನನಗೆ ಸಿಟ್ಟೇ ಬಂತು. "ನೀವು ವಿಜ್ಞಾನ ಕಲಿಸಿದವರು ಟೀಚರ್!"

"ಕಲಿಸಿದ್ದು ಹೌದು. ಆಗ ನನ್ನ ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರ್ಲಿಲ್ಲ" ಎಂದರು ಅವರು. ಮತ್ತೆ ತಮ್ಮಷ್ಟಕ್ಕೇ ಹೇಳಿದಂತೆ ಹೇಳಿದರು: "ಬರೆಯದಿದ್ರೆ ಆ ಹುಡುಗಿ ನನ್ನ ಹೆಸರು ಹೇಳಿಕೊಂಡು ಸಾಯ್ತಾಳೆ. ಬರೆದ್ರೆ ಅಲೆಕ್ಸ್. ಯಾವುದಕ್ಕೆ ಹೆದರುದು ಅಂತಲೇ ಗೊತ್ತಾಗುದಿಲ್ಲ ಮಾಸ್ಟ್ರೇ."

ನನ್ನ ಸಿಟ್ಟು ಇಳಿದುಹೋಯಿತು. ಗೋಡೆಯ ಮೇಲೆ ಒಣಗಲು ಇಟ್ಟಿದ್ದ ಹುಣಸೆಹಣ್ಣನ್ನು ಸುಮ್ಮನೆ ಮಗುಚಿ ಹಾಕಿದೆ.

ಕ್ಲಿನಿಕ್ಕಿಗೆ ಫೋನ್ ಮಾಡಿ ಚಿತ್ರ ತೆಗೆಯಿರಿ ಎಂದು ಕೇಳಿಯೂ ಆಯಿತು. ಅತ್ತ ಕಡೆಯ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, "ಮೇಡಂ, ಇಷ್ಟು ಚೆನ್ನಾಗಿ ಗುಣ ಆಗಿದೆ. ಈಗ ನೆಗೆಟಿವ್ ಆಗಿ ಯೋಚಿಸಿದರೆ ಇಮ್ಯೂನಿಟಿಗೆ ಒಳ್ಳೆಯದಲ್ಲ" ಎಂದಳಂತೆ. ಹೆದರಿದವರನ್ನು ಹೇಗೆ ಇನ್ನಷ್ಟು ಹೆದರಿಸಬೇಕು ಎಂಬುದನ್ನು ಆ ಜನ ಚೆನ್ನಾಗಿ ಕಲಿತಿದ್ದರು. ಡೆರಿಲ್ ಕೂಡ, "ಮಮ್ಮಿ, ಪಪ್ಪಾ ಚೆನ್ನಾಗಿದ್ದಾರಲ್ಲ, ಇನ್ನು ಅದನ್ನು ಕೆದಕಬೇಡಿ" ಎಂದ.

ಆದರೂ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಬಂದವರು ನೇರ ನಮ್ಮ ಗೇಟಿಗೆ ಬಂದರು. "ಬನ್ನಿ ಮಾಸ್ಟ್ರೇ, ಪತ್ರಿಕೆಯ ಆಫೀಸಿಗೆ ಹೋಗುವ. ಒಬ್ಬಳೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬರ್ತೇನೆ."

ಆಫೀಸಿನಲ್ಲಿದ್ದ ಬೆನಿಟಾ ಎಂಬಾಕೆ ಬರಹ ಓದಿ ತಲೆ ಕೆರೆದುಕೊಂಡಳು. "ಇದನ್ನು ಯಾವ ಕಾಲಂನಲ್ಲಿ ಹಾಕುದು ಟೀಚರ್? ಉಪಕಾರ ಉಂಟು, ಶ್ರದ್ಧಾಂಜಲಿ ಉಂಟು, ಮದುವೆ ಉಂಟು. ಇಂತದ್ದು ನಮ್ಮಲ್ಲಿ ಬಂದೇ ಇಲ್ಲ."

"ಉಪಕಾರದಲ್ಲೇ ಹಾಕಿ. ಮೊದ್ಲಿನದು ಓದಿದವರು ಅಲ್ಲಿಯೇ ನೋಡುದು" ಎಂದರು ಟೀಚರ್.

ಅದರಲ್ಲಿ ಇದ್ದದ್ದು ಇಷ್ಟೇ: "ಹಿಂದೆ ನಾನು ಇಮ್ಯೂನ್ ಸೆಲ್ ಇಂಜೆಕ್ಷನ್‌ಗೆ ಉಪಕಾರ ಹೇಳಿದ್ದೆ. ನನ್ನ ಗಂಡನಿಗೆ ಅದರಿಂದ ಗುಣವಾಯಿತೇ ಎಂಬುದು ನನಗೆ ಗೊತ್ತಿಲ್ಲ. ಆಸ್ಪತ್ರೆಯ ಔಷಧವನ್ನು ನಾವು ಒಂದು ಸಲವೂ ತಪ್ಪಿಸಿರಲಿಲ್ಲ. ನನ್ನ ಮಾತು ನಂಬಿ ಯಾರೂ ಡಾಕ್ಟರರ ಚಿಕಿತ್ಸೆ ಬಿಡಬೇಡಿ." ಅದನ್ನೇ ಕನ್ನಡದಲ್ಲಿ ನಾನು ಬರೆದು ವಾಟ್ಸಾಪಿನಲ್ಲಿ ಸಿಕ್ಕಸಿಕ್ಕ ಗುಂಪಿಗೆಲ್ಲ ಕಳಿಸಿದೆ. ಈ ಸಲ ವಂದನೆಗೆ ಯಾರ ಹೆಸರೂ ಇರಲಿಲ್ಲ.

ಪತ್ರಿಕೆ ಕೈಗೆ ಬಂದ ದಿನ ಮಧ್ಯಾಹ್ನ ಅಲೆಕ್ಸರಿಗೆ ಜ್ವರ ಬಂತು. ಹೀಗೆ ಬರೆಯುವಾಗ ನನಗೇ ಸಂಕೋಚವಾಗುತ್ತದೆ, ಕಟ್ಟುಕಥೆಯ ಹಾಗೆ ಕೇಳುತ್ತದೆ. ಆದರೆ ಬಂದದ್ದು ಅದೇ ದಿನ. ಹಲ್ಲು ಕಟಕಟ ಎನ್ನುವ ಚಳಿಜ್ವರ. ಟೀಚರ್ ಅಲಿಯಬ್ಬನನ್ನು ಕೂಗಿದ್ದು ಓಣಿಯಿಡೀ ಕೇಳಿತು. ರಿಕ್ಷಾದಲ್ಲಿ ಅಲೆಕ್ಸ್ ನಡುವೆ, ನಾವಿಬ್ಬರು ಆಚೀಚೆ. ನಂತೂರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ಅಲಿಯಬ್ಬ ಹಾರ್ನ್ ಒತ್ತಿದ, ಬೈದ, ರಿಕ್ಷಾ ಕದಲಲಿಲ್ಲ.

"ನಾನೇ ಮಾಡಿದ್ದು" ಎಂದು ಟೀಚರ್ ಅಳತೊಡಗಿದರು. "ನಾನು ಬರೆದೆ, ಬಂತು. ನಾನೇ ಕೈಯಾರೆ ಮಾಡಿದೆ ಮಾಸ್ಟ್ರೇ."

ನಾನು ಏನು ಹೇಳಿದೆನೋ ನೆನಪಿಲ್ಲ. ಒಳಗೊಳಗೆ ನನಗೂ ಹೆದರಿಕೆಯಾಗಿತ್ತು. ಬರೆಸಲು ಜೊತೆಗೆ ಹೋದವನು ನಾನು.

ಅಲೆಕ್ಸ್ ಚಾದರದೊಳಗಿಂದ ತಲೆ ಎತ್ತಿದರು. "ಇದಕ್ಕೂ ಎರಡು ಲೋಟ ಇಡು ಲಿಡ್ಡೀ" ಎಂದರು ನಡುಗುತ್ತ. "ನೀನು ಪೇಪರಲ್ಲಿ ಹಾಕದ ಇನ್ನೊಬ್ಬ ಅಲೆಕ್ಸ್‌ನನ್ನು ಹುಡುಕು. ಅವನಿಗೆ ಜ್ವರ ಬಂತಾ ನೋಡು. ಆಮೇಲೆ ಅಳು."

ಸುಹೈಲಾ ಮನೆಗೆ ಬಂದಿದ್ದ ಆ ಭಾನುವಾರ ಒಳಗಿನ ಕೋಣೆಯಲ್ಲಿ ಅವರು ನಿದ್ದೆ ಮಾಡುತ್ತಿರಲಿಲ್ಲ ಎಂದು ನಮಗೆ ತಿಳಿದದ್ದು ಆಗ. ಟೀಚರ್ ಅಳುತ್ತಲೇ ಅವರ ಕೈ ಹಿಡಿದುಕೊಂಡರು. ಮುಂದಿನ ಲಾರಿ ಚಲಿಸಿತು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಯ ಎಕ್ಸ್‌ರೇ ಮಾಡಿದರು, ಸಲೈನ್ ಹಾಕಿದರು. ಸಂಜೆ ಸುಹೈಲಾ ಬಂದು ಅಲೆಕ್ಸರ ಕುತ್ತಿಗೆ, ಕಂಕುಳು ಎಲ್ಲ ಒತ್ತಿ ನೋಡಿ ಹೇಳಿದಳು: "ಗಂಟು ಕೈಗೆ ಸಿಗುದಿಲ್ಲ. ರಕ್ತದಲ್ಲಿಯೂ ಹೆದರುವಂತದ್ದು ಇಲ್ಲ. ಊರಿಡೀ ಉಂಟಲ್ಲ ಜ್ವರ, ಅದೇ ಇರ್ಬೇಕು. ಎರಡು ದಿನ ಇಲ್ಲೇ ಇರ್ಲಿ."

"ತಿರುಗಿ ಬಂದದ್ದಲ್ಲ ಅಂತ ಗ್ಯಾರಂಟಿಯಾ?"

"ಬರುವ ತಿಂಗಳು ಸ್ಕ್ಯಾನ್ ಉಂಟು ಟೀಚರ್. ಇವತ್ತು ಇಷ್ಟೇ ಹೇಳ್ಲಿಕ್ಕೆ ಆಗುದು."

ಟೀಚರ್ ಕಾರಿಡಾರಿನ ಬೆಂಚಿನಲ್ಲಿ ಕುಸಿದು ಕೂತರು. ಆಗ ಫ್ಲಾಸ್ಕ್ ಹಿಡಿದುಕೊಂಡು ಎದುರಿನಿಂದ ಬಂದವಳು ಹಲೀಮಾ. ನಮ್ಮನ್ನು ಕಂಡು, "ಅಲ್ಲ, ನೀವಾ!" ಎಂದು ಟೀಚರ ಕೈಹಿಡಿದು ಎಬ್ಬಿಸಿ ಪಕ್ಕದ ವಾರ್ಡಿಗೆ ಕರೆದುಕೊಂಡು ಹೋದಳು. ನಾನು ಹಿಂದೆ ಹೋದೆ. ಸಮೀನಾ ಆಸ್ಪತ್ರೆಯ ಹಸಿರು ಅಂಗಿಯಲ್ಲಿ, ತಲೆಗೆ ಶಾಲು ಸುತ್ತಿ ಮಂಚದಲ್ಲಿ ಕೂತಿದ್ದಳು. ನಾಳೆ ಬೆಳಿಗ್ಗೆ ಆಪರೇಷನ್.

"ನಾನು ಪೇಪರಲ್ಲಿ ಬರೆದದ್ದು ನೋಡಿದ್ಯಾ?" ಎಂದು ಟೀಚರ್ ಆತುರದಿಂದ ಕೇಳಿದರು.

"ಯಾವುದು ಟೀಚರ್? ಮತ್ತೆ ಎಂತ ಬರೆದ್ರಿ?" ಸಮೀನಾಳಿಗೆ ಅರ್ಥವಾಗಲಿಲ್ಲ. "ನಾನು ನಿನ್ನೆಯೇ ಅಡ್ಮಿಟ್ ಆಗಿದ್ದೇನೆ. ಫೋನ್ ಅಕ್ಕನತ್ರ ಉಂಟು."

ಇಷ್ಟು ದಿನ ಹೆದರಿ, ಕೊನೆಗೆ ಗಂಡನ ಜೀವವನ್ನೇ ಪಣಕ್ಕಿಟ್ಟೆ ಎಂದುಕೊಂಡು ಟೀಚರ್ ಹಾಕಿಸಿದ ಜಾಹೀರಾತನ್ನು ಅವಳು ಓದಿಯೇ ಇರಲಿಲ್ಲ.

"ಹಾಗಾದ್ರೆ ಆಪರೇಷನ್‌ಗೆ ಹೇಗೆ ಒಪ್ಪಿದೆ?" ಎಂದು ಕೇಳಿದ್ದು ನಾನು.

ಸಮೀನಾ ತಲೆಯ ಶಾಲನ್ನು ಸರಿಮಾಡಿಕೊಂಡಳು. "ಅಣ್ಣ ಗೊತ್ತುಂಟು ಅಂತ ಹೇಳಿದ. ಕ್ಲಿನಿಕ್ಕಿನವರು ಫೋನಲ್ಲಿ ಗೊತ್ತುಂಟು ಅಂತ ಹೇಳಿದ್ರು. ಅಲೆಕ್ಸ್ ಅಂಕಲ್ ಕೂಡ. ಗೊತ್ತಿಲ್ಲ ಅಂತ ಹೇಳಿದ್ದು ಟೀಚರ್ ಒಬ್ರೇ. ದೇವರ ಹೆಸರಲ್ಲಿ ಪೇಪರಿಗೆ ಹಾಕಿದವರೇ ಗೊತ್ತಿಲ್ಲ ಅಂದ್ರೆ ಮತ್ತೆ ಬಾಕಿಯವರಿಗೆ ಹೇಗೆ ಗೊತ್ತು ಅಂತ ಬಸ್ಸಲ್ಲಿ ಹೋಗುವಾಗ ಅನ್ನಿಸ್ತು. ಆಮೇಲೆ ಇಲ್ಲಿಯ ಡಾಕ್ಟರತ್ರ ಎಲ್ಲ ಬಿಡಿಸಿ ಕೇಳಿದೆ."

ಟೀಚರ್ ಮಂಚದ ಅಂಚಿನಲ್ಲಿ ಕೂತು ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಪಕ್ಕದ ವಾರ್ಡಿನಲ್ಲಿ ಅಲೆಕ್ಸ್ ಕೆಮ್ಮುವುದು ಕೇಳಿಸುತ್ತಿತ್ತು.

"ಟೀಚರ್" ಎಂದಳು ಸಮೀನಾ, "ನಾಳೆ ನಿಮ್ಮ ಆ ಸೈಂಟ್ ಜೂಡರತ್ರ ನನ್ನ ಹೆಸರು ಕೂಡ ಹೇಳ್ತೀರಾ?"

"ಹೇಳ್ತೇನೆ. ಖಂಡಿತ ಹೇಳ್ತೇನೆ."

"ಆದ್ರೆ ಗುಣ ಆದ್ರೆ ಪೇಪರಲ್ಲಿ ಹಾಕ್ಬೇಡಿ."

"ಇಲ್ಲ ಮಗಾ" ಎಂದರು ಟೀಚರ್, ಕೈ ಬಿಡದೆ. "ಹಾಕುದಿಲ್ಲ."